ಮೆಂತ್ಯ ನೀರು, ಹಾಗಲ ರಸ, ರಾಗಿ ಗಂಜಿ: ಒಂದು ಶುಗರ್ ಪ್ರಕರಣದ ಪೂರ್ತಿ ಲೆಕ್ಕ

ಮಹಿಳೆಗೆ 56 ವರ್ಷ, ತೂಕ 62 ಕೆಜಿ, ಮನೆ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಶುಗರ್ ಬಂದು ಒಂಬತ್ತು ವರ್ಷವಾಗಿದೆ. ಜೊತೆಗೆ ಥೈರಾಯ್ಡ್ ಕೊರತೆ, ಬಿಪಿ. ಇಂಥ ಹಲವು ಮನೆಗಳಲ್ಲಿ ಪದೇ ಪದೇ ಕಾಣುವ ಸಂಗತಿಗಳನ್ನು ಒಬ್ಬರ ದಿನಚರಿಗೆ ಹೊಂದಿಸಿ ಬರೆದ ಮಾದರಿ ಪ್ರಕರಣ ಇದು. ಹಾಗಾಗಿ ವ್ಯಕ್ತಿಯ ಗುರುತು ಹುಡುಕಬೇಕಿಲ್ಲ. ಮಾತ್ರೆ ಮತ್ತು ಆಹಾರದ ಲೆಕ್ಕ ಮಾತ್ರ ಯಾರ ಮನೆಗಾದರೂ ಅನ್ವಯಿಸುವಂಥದ್ದು.

ಬೆಳಿಗ್ಗೆ ಎದ್ದ ಕೂಡಲೇ ಥೈರಾಕ್ಸಿನ್ 75 ಮೈಕ್ರೋಗ್ರಾಂ. ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ 2 ಎಂಜಿ, ಮೆಟ್‌ಫಾರ್ಮಿನ್ 500 ಎಂಜಿ, ವೋಗ್ಲಿಬೋಸ್ 0.2 ಎಂಜಿ ಮೂರೂ ಸೇರಿದ ಒಂದು ಮಾತ್ರೆ. ತಿಂಡಿ ಆದ ಮೇಲೆ ಬಿಪಿಗೆ ಟೆಲ್ಮಿಸಾರ್ಟಾನ್ 40 ಎಂಜಿ. ರಾತ್ರಿ ಮತ್ತೊಂದು ಮೆಟ್‌ಫಾರ್ಮಿನ್ 500. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.4 ಬಂದಾಗ ವೈದ್ಯರು ಮಾತ್ರೆ ಹೆಚ್ಚಿಸೋಣ ಅಂದರು. ಬೇಡ, ಮೂರು ತಿಂಗಳು ಮನೆಮದ್ದು ನೋಡ್ತೀನಿ ಅಂತ ಈಕೆ ಹೇಳಿ ಬಂದರು. ಆ ಮನೆಮದ್ದಿನ ಪಟ್ಟಿಯಲ್ಲಿ ಏನೇನಿತ್ತು ಎನ್ನುವುದನ್ನು ಮಾತ್ರ ವೈದ್ಯರಿಗೆ ಹೇಳಲಿಲ್ಲ. ವೈದ್ಯರೂ ಕೇಳಲಿಲ್ಲ.

ಮೂರು ತಿಂಗಳ ನಂತರದ ರಿಪೋರ್ಟ್ ವಿಚಿತ್ರವಾಗಿತ್ತು. ಖಾಲಿ ಹೊಟ್ಟೆಯ ಶುಗರ್ 142ರಿಂದ 118ಕ್ಕೆ ಇಳಿದಿತ್ತು, ಮನೆಯವರಿಗೆಲ್ಲ ಅದೇ ಖುಷಿ. ಆದರೆ ತಿಂಡಿಯಾಗಿ ಎರಡು ಗಂಟೆಗೆ 236. ಎಚ್‌ಬಿಎ1ಸಿ 8.1, ಅಂದರೆ ಇಳಿದಿದ್ದು ಅಷ್ಟಕ್ಕಷ್ಟೇ. ಟಿಎಸ್‌ಎಚ್ 3.1 ಇದ್ದದ್ದು 9.6ಕ್ಕೆ ಹೋಗಿತ್ತು, ಥೈರಾಯ್ಡ್ ಕೊರತೆ ಹೆಚ್ಚಿದಷ್ಟೂ ಏರುವ ಅಂಕಿ ಇದು. ಪೊಟ್ಯಾಷಿಯಂ 5.4, ಅದೂ ಹೆಚ್ಚೇ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.1, ಹಾಳೆಯ ಮೇಲೆ ಅದು ನಾರ್ಮಲ್ ಅಂತಲೇ ಕಾಣುತ್ತದೆ, ಆದರೆ 56 ವರ್ಷದ ಹೆಂಗಸಿಗೆ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್‌ಆರ್, 59ರ ಹತ್ತಿರ ಬರುತ್ತದೆ. ಬಿಪಿ 146/88. ದೂರುಗಳು ಬೇರೆ: ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ ಬೆವರು, ಕೈ ನಡುಕ, ಕಣ್ಣು ಕತ್ತಲೆ. ದಿನವಿಡೀ ಸುಸ್ತು, ಮಲಬದ್ಧತೆ, ಕೂದಲು ಉದುರುವುದು. ಶುಗರ್ ಜಾಸ್ತಿ ಆಗಿಯೇ ತಲೆ ಸುತ್ತುತ್ತದೆ ಎಂದುಕೊಂಡು ಹಾಗಲ ರಸವನ್ನು ಇನ್ನೂ ಹೆಚ್ಚಿಸಿದ್ದರು.

ಒಂದೇ ಬೆಳಿಗ್ಗೆ ಶುಗರ್ 236ಕ್ಕೂ ಏರುತ್ತದೆ, ಎರಡು ಗಂಟೆ ಕಳೆದರೆ 62ಕ್ಕೂ ಇಳಿಯುತ್ತದೆ. ಇದು ಯಾಕೆ ಅಂತ ತಿಳಿಯಲು ಗಡಿಯಾರ ಹಿಡಿದು ದಿನಚರಿ ಬರೆಸಬೇಕಾಯಿತು. ಬರೀ “ಏನು ತಿಂತೀರಿ” ಅಂತ ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ: “ಮಾಮೂಲಿ, ಮುದ್ದೆ ಸಾರು.”

ಬರೆಸಿದಾಗ ಸಿಕ್ಕ ದಿನಚರಿ

5:45ಕ್ಕೆ ಥೈರಾಯ್ಡ್ ಮಾತ್ರೆ. ಅದನ್ನು ನುಂಗುವುದೇ ರಾತ್ರಿ ನೆನೆಸಿಟ್ಟ ಮೆಂತ್ಯದ ನೀರಿನ ಜೊತೆ, ಎರಡು ಚಮಚ ಇಡೀ ಕಾಳು ಸಮೇತ. 6:15ಕ್ಕೆ ಫಿಲ್ಟರ್ ಕಾಫಿ. 7ಕ್ಕೆ ಬಿಸಿ ನೀರಲ್ಲಿ ಒಂದು ಚಮಚ ಚಕ್ಕೆ ಪುಡಿ, ಅರ್ಧ ಚಮಚ ಅರಿಶಿನ, ಚಿಟಿಕೆ ಕಾಳುಮೆಣಸಿನ ಪುಡಿ. 7:30ಕ್ಕೆ ಶುಗರ್ ಮಾತ್ರೆ. 7:45ಕ್ಕೆ ತಿಂಡಿಯ ಬದಲು ದೊಡ್ಡ ಲೋಟ ರಾಗಿ ಗಂಜಿ: 50 ಗ್ರಾಂ ಹಿಟ್ಟು, 200 ಎಂಎಲ್ ಹಾಲು, 20 ಗ್ರಾಂ ಬೆಲ್ಲ. 10:30ಕ್ಕೆ 100 ಎಂಎಲ್ ಹಾಗಲಕಾಯಿ ರಸ, ಜೊತೆಗೆ ಏನೂ ಇಲ್ಲ. ಮಧ್ಯಾಹ್ನ ಒಂದೂವರೆಗೆ ಒಂದು ದೊಡ್ಡ ಮುದ್ದೆ, ಸಾರು, “ಮುದ್ದೆ ಮೇಲೆ ಒಂದು ಹಿಡಿ ಅನ್ನ”, ಉಪ್ಪಿನಕಾಯಿ. ಸಂಜೆ ಒಂದು ಎಳನೀರು. ಬಿಪಿಗೆ ಒಳ್ಳೆಯದು ಅಂತ ಅಡುಗೆಗೆ ಕಡಿಮೆ ಸೋಡಿಯಂ ಉಪ್ಪು. ರಾತ್ರಿ ಒಂಬತ್ತಕ್ಕೆ ಅನ್ನ, ಸಾರು, ಮಜ್ಜಿಗೆ.

ಇದರಲ್ಲಿ ವಿಷ ಅನ್ನುವಂಥದ್ದು ಒಂದೂ ಇಲ್ಲ. ಕೆಟ್ಟದ್ದಾಗಿದ್ದು ಪ್ರಮಾಣದಿಂದ, ಹೊತ್ತಿನಿಂದ, ಮಾತ್ರೆಗಳ ಪಕ್ಕದಲ್ಲಿ ಅವನ್ನು ಇಟ್ಟ ರೀತಿಯಿಂದ.

ಬೆಳಗಿನ ಏರು, ಹನ್ನೊಂದೂವರೆಯ ಇಳಿತ

ರಾಗಿ ಒಳ್ಳೆಯ ಧಾನ್ಯ. 100 ಗ್ರಾಂನಲ್ಲಿ 350 ಎಂಜಿ ಮೇಲ್ಪಟ್ಟು ಕ್ಯಾಲ್ಸಿಯಂ, 11 ಗ್ರಾಂನಷ್ಟು ನಾರು ಇದೆ, ಅಕ್ಕಿಗೆ ಇದರ ಹತ್ತಿರ ಬರಲಾಗದು. ಆದರೆ ಅದೇ 100 ಗ್ರಾಂನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೂ ಇದೆ. ನುಣ್ಣಗೆ ಬೀಸಿದ ಹಿಟ್ಟನ್ನು ನೀರಾಗಿ ಕುದಿಸಿದರೆ ಆ ಪಿಷ್ಟ ಬಾಯಲ್ಲಿ ಅಗಿಯಲು, ಹೊಟ್ಟೆಯಲ್ಲಿ ಅರೆಯಲು ಏನೂ ಉಳಿಯದಂತೆ ಬೆಂದು ಹೋಗಿರುತ್ತದೆ, ಕುಡಿದ ಅರ್ಧ ಗಂಟೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಈ ಲೋಟದ ಲೆಕ್ಕ: ಹಿಟ್ಟಿನಿಂದ 33 ಗ್ರಾಂ, ಹಾಲಿನಿಂದ 10, ಬೆಲ್ಲದಿಂದ ಸುಮಾರು 18. ಒಟ್ಟು 61 ಗ್ರಾಂ ಶರ್ಕರಪಿಷ್ಟ. ಹಾಲಿನದ್ದು ಬಿಟ್ಟರೆ ಪ್ರೋಟೀನ್ ಲೆಕ್ಕಕ್ಕಿಲ್ಲ, ಎಣ್ಣೆ ಇಲ್ಲ, ತರಕಾರಿ ಇಲ್ಲ. ಬೆಲ್ಲದಲ್ಲಿ ಕಬ್ಬಿಣಾಂಶ ಇದೆ ಎನ್ನುವ ಮಾತು ಶುಗರ್ ಇದ್ದವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ.

ಹೀಗೆ ಬೇಗ ಏರಿದ್ದು ಬೇಗ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಸರಿಯಾಗಿ ಗ್ಲಿಮೆಪಿರೈಡ್ ಕೆಲಸದ ಉತ್ತುಂಗದಲ್ಲಿರುತ್ತದೆ. ಈ ಮಾತ್ರೆ ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುತ್ತದೆ, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ. ಅದರ ಮೇಲೆ ಖಾಲಿ ಹೊಟ್ಟೆಗೆ ಹಾಗಲ ರಸ. ಹಾಗಲಕ್ಕೆ ಶುಗರ್ ಇಳಿಸುವ ಗುಣ ಅಷ್ಟಿಷ್ಟು ಇದೆ, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಲ್ಲಿ ಅದು ಮಾತ್ರೆಯ ಮೇಲೆ ಮಾತ್ರೆ ಹಾಕಿದಂತಾಗುತ್ತದೆ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಬಂದವರಲ್ಲಿ ಲೋ ಆಗುವ ಸಾಧ್ಯತೆ ಇನ್ನೂ ಜಾಸ್ತಿ. ಬೆವರು, ನಡುಕ ಬಂದಾಗ ಗ್ಲೂಕೋಮೀಟರ್ ಹಾಕಿ ನೋಡಿ ಅಂತ ಹೇಳಿ ಕಳಿಸಿದ ಮೇಲೆ ಸಿಕ್ಕ ಮೊದಲ ಅಂಕಿಯೇ 62. 70ರ ಕೆಳಗೆ ಎಂದರೆ ಲೋ.

ಇನ್ನೊಂದು ಸಂಗತಿ ಇಲ್ಲಿ ಬಿಡಿಸಿ ಹೇಳಲೇಬೇಕು. 62 ಬಂದಾಗ ಈಕೆ ಬಾಯಿಗೆ ಹಾಕಿಕೊಂಡದ್ದು ಒಂದು ಚೂರು ಬೆಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 66. ಬೆಲ್ಲ, ಸಕ್ಕರೆ ಎರಡೂ ಸುಕ್ರೋಸ್. ಕರುಳಿನಲ್ಲಿ ಒಡೆದು ಗ್ಲೂಕೋಸ್ ಆದ ಮೇಲಷ್ಟೇ ರಕ್ತ ಸೇರುತ್ತವೆ. ವೋಗ್ಲಿಬೋಸ್ ತಡೆಯುವುದು ಅದೇ ಒಡೆಯುವ ಕೆಲಸವನ್ನು. ಬೆಳಿಗ್ಗೆ ತೆಗೆದುಕೊಂಡ ಮಾತ್ರೆಯ ಪ್ರಭಾವ ಹನ್ನೊಂದೂವರೆಗೆ ಎಷ್ಟು ಉಳಿದಿರುತ್ತದೆ ಎಂದು ಲೆಕ್ಕ ಹಾಕುತ್ತ ಕೂರುವ ಸಮಯ ಅದಲ್ಲ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಮೂರು ಚಮಚ, ಅಂದರೆ 15 ಗ್ರಾಂ, ಅರ್ಧ ಲೋಟ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ 70 ದಾಟದಿದ್ದರೆ ಇನ್ನೊಂದು ಸಲ. ದಾಟಿದ ಮೇಲೆ ಏನಾದರೂ ಗಟ್ಟಿ ಆಹಾರ ತಿನ್ನಬೇಕು, ಏಕೆಂದರೆ ಗ್ಲಿಮೆಪಿರೈಡ್ ಇನ್ನೂ ದೇಹದಲ್ಲಿದೆ, ಮತ್ತೆ ಇಳಿಸಬಹುದು. ಪ್ರಜ್ಞೆ ಮಂಕಾದವರ ಬಾಯಿಗೆ ಏನನ್ನೂ ಹುಯ್ಯಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಚಾಕೊಲೇಟ್, ಲಾಡು ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಕೊಬ್ಬು ಸಕ್ಕರೆ ಇಳಿಯುವುದನ್ನೇ ತಡ ಮಾಡುತ್ತದೆ.

ವೈದ್ಯರು ಗ್ಲಿಮೆಪಿರೈಡ್ 2ರಿಂದ 1 ಎಂಜಿಗೆ ಇಳಿಸಿದರು. ಈ ತೀರ್ಮಾನ ವೈದ್ಯರದ್ದೇ ಆಗಿರಬೇಕು, ಅಡುಗೆಮನೆಯಲ್ಲಿ ಆಗುವಂಥದ್ದಲ್ಲ.

ಗಂಜಿಯ ಜಾಗಕ್ಕೆ ಬಂದದ್ದು ರಾಗಿಯೇ, ರೂಪ ಮಾತ್ರ ಬೇರೆ. 50 ಗ್ರಾಂ ಹಿಟ್ಟಿಗೆ ಒಂದು ಹಿಡಿ ಹೆಚ್ಚಿದ ಸೊಪ್ಪು, ಈರುಳ್ಳಿ, ಜೀರಿಗೆ ಹಾಕಿ ತಟ್ಟಿದ ಎರಡು ಸಣ್ಣ ರೊಟ್ಟಿ. ಅದಕ್ಕೆ ಮುಂಚೆ 30 ಗ್ರಾಂ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಸೌತೆಕಾಯಿ ಬೆರೆಸಿ ಮಾಡಿದ ಕೋಸಂಬರಿ. ಅದರಲ್ಲೇ 7 ಗ್ರಾಂ ಪ್ರೋಟೀನ್ ಬಂತು. ಮೊದಲು ಕೋಸಂಬರಿ ಮುಗಿಸಿ ಆಮೇಲೆ ರೊಟ್ಟಿಗೆ ಕೈ ಹಾಕಬೇಕು. ತರಕಾರಿ, ಬೇಳೆ ಮೊದಲು ಹೋದರೆ ಹಿಂದೆ ಬರುವ ಪಿಷ್ಟ ನಿಧಾನವಾಗಿ ಇಳಿಯುತ್ತದೆ. ಖರ್ಚಿಲ್ಲದ ಉಪಾಯ, ಆದರೂ ರೂಢಿಗೆ ಬರಲು ಇದೇ ತಡ. ತಟ್ಟೆಯಲ್ಲಿ ಎಲ್ಲವನ್ನೂ ಕಲಸಿ ತಿನ್ನುವ ಕೈ ಸುಲಭಕ್ಕೆ ಬದಲಾಗುವುದಿಲ್ಲ.

ಮೆಂತ್ಯ: ಎಷ್ಟು, ಹೇಗೆ, ಯಾವಾಗ

ಈ ಪಟ್ಟಿಯಲ್ಲಿ ಶುಗರ್‌ಗೆ ನಿಜಕ್ಕೂ ಸ್ವಲ್ಪ ಕೆಲಸ ಮಾಡುವುದು ಮೆಂತ್ಯ. ಕಾಳಿನ ಕಾಲು ಭಾಗದಷ್ಟು ಅಂಟುನಾರು, ಗ್ಯಾಲಕ್ಟೋಮನ್ನನ್ ಎಂಬ ಜಾತಿಯದ್ದು. ನೀರು ಹೀರಿ ಲೋಳೆಯಾಗಿ ಊಟದ ಪಿಷ್ಟವನ್ನು ಹಿಡಿದುಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇನ್ಸುಲಿನ್ ಮೇಲಿದ್ದ ರೋಗಿಗಳಿಗೆ ಕೊಬ್ಬು ತೆಗೆದ ಮೆಂತ್ಯ ಪುಡಿ ಕೊಟ್ಟು ನೋಡಿದ್ದರು, ಶುಗರ್ ಇಳಿದಿತ್ತು. ಆದರೆ ಕೊಟ್ಟ ಪ್ರಮಾಣ ದಿನಕ್ಕೆ 100 ಗ್ರಾಂ, ಅದೂ ಊಟದಲ್ಲೇ ಬೆರೆಸಿ. ಈಕೆಗಿರುವಂಥ ಟೈಪ್ 2 ಶುಗರ್ ಇದ್ದವರಲ್ಲಿ ಮುಂದೆ ನಡೆದ ಪ್ರಯೋಗಗಳಲ್ಲೂ ಬಳಸಿದ್ದು ಹೆಚ್ಚಾಗಿ 5ರಿಂದ 25 ಗ್ರಾಂ. ರಾತ್ರಿ ನೆನೆಸಿದ ಒಂದು ಚಮಚ ಕಾಳಿನ ನೀರನ್ನು ಮಾತ್ರ ಕುಡಿದು ಕಾಳು ಚೆಲ್ಲಿದರೆ ಆ ನಾರಿನ ಬಹುಪಾಲು ಕಾಳಿನ ಜೊತೆಗೇ ಹೋಯಿತು. ಇಡೀ ಕಾಳು ನುಂಗಿದರೆ ಅದರಲ್ಲಿ ಎಷ್ಟೋ ಹಾಗೇ ಹೊರಗೆ ಹೋಗುತ್ತದೆ. ಊಟಕ್ಕೆ ಎರಡು ಗಂಟೆ ಮೊದಲು ತೆಗೆದುಕೊಂಡ ಲೋಳೆಗೆ ಹಿಡಿಯಲು ಪಿಷ್ಟವೇ ಇರುವುದಿಲ್ಲ.

ಇಲ್ಲಿ ಅದಕ್ಕಿಂತ ದೊಡ್ಡ ತಪ್ಪು ಥೈರಾಯ್ಡ್ ಮಾತ್ರೆಯ ಜೊತೆ ಮೆಂತ್ಯ ಸೇರಿದ್ದು. ಥೈರಾಕ್ಸಿನ್ ಬಲು ಸೂಕ್ಷ್ಮ. ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ ಹೋಗಬೇಕು, ಮುಂದಿನ 30ರಿಂದ 60 ನಿಮಿಷ ಬೇರೇನೂ ಹೋಗಬಾರದು. ನಾರು ಅದನ್ನು ತಡೆಯುತ್ತದೆ, ಕಾಫಿ ತಡೆಯುತ್ತದೆ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ಈ ಮನೆಯಲ್ಲಿ ಮಾತ್ರೆ ಲೋಳೆಯಲ್ಲೇ ಇಳಿಯಿತು, ಅರ್ಧ ಗಂಟೆಗೆ ಕಾಫಿ, ಎರಡು ಗಂಟೆಗೆ ಹಾಲು ಹಾಕಿದ ರಾಗಿ. ಡೋಸ್ ಬದಲಾಗದೆಯೇ ಟಿಎಸ್‌ಎಚ್ ಮೂರು ಪಟ್ಟು ಏರಿದ್ದು, ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಎಲ್ಲದಕ್ಕೂ ಇದೇ ಕಾರಣ. ದಿನಚರಿ ಕೇಳದೆ ರಿಪೋರ್ಟ್ ಮಾತ್ರ ನೋಡಿದ್ದರೆ ಮಾತ್ರೆ 100 ಮೈಕ್ರೋಗ್ರಾಂಗೆ ಏರುತ್ತಿತ್ತು. ಮೆಂತ್ಯ ಬಿಟ್ಟ ದಿನದಿಂದ ಅದೇ ಡೋಸ್ ಹೆಚ್ಚಾಗಿ ಎದೆ ಬಡಿತ ಶುರುವಾಗುತ್ತಿತ್ತು.

ಹೊಸ ಕ್ರಮದಲ್ಲಿ ಥೈರಾಕ್ಸಿನ್ 5:45ಕ್ಕೆ ಬರೀ ನೀರಲ್ಲಿ, ಕಾಫಿ 6:45ಕ್ಕೆ. ಮೆಂತ್ಯ ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ಹೋಯಿತು. 100 ಗ್ರಾಂ ಕಾಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ, ನಾಲ್ಕೈದು ನಿಮಿಷ ಮಾತ್ರ ಹುರಿಯುವುದು. ಕೆಂಪಗಾದರೆ ಕಹಿ ಗಂಟಲಿಗೆ ಹತ್ತುತ್ತದೆ, ಮಾರನೇ ದಿನದಿಂದ ಯಾರೂ ಮುಟ್ಟುವುದಿಲ್ಲ. ಪೂರ್ತಿ ಆರಿದ ಮೇಲೆ ತರಿಯಾಗಿ ಪುಡಿ ಮಾಡಿ ಗಾಜಿನ ಡಬ್ಬಿಗೆ. ಮೊದಲ ವಾರ ದಿನಕ್ಕೆ 2 ಗ್ರಾಂ, ಎರಡನೇ ವಾರ 4, ಆಮೇಲೆ 5 ಗ್ರಾಂ ಎರಡು ಹೊತ್ತು. ಚಮಚ ನಂಬುವಂತಿಲ್ಲ, ತೂಗಬೇಕು. ಒಂದೇ ಮನೆಯ ಎರಡು ಚಮಚದಲ್ಲಿ ಒಂದರಲ್ಲಿ 3 ಗ್ರಾಂ, ಇನ್ನೊಂದರಲ್ಲಿ 6 ಗ್ರಾಂ ಹಿಡಿಯುವುದು ಮಾಮೂಲು. ಪುಡಿಯನ್ನು 150 ಎಂಎಲ್ ಮಜ್ಜಿಗೆಗೆ ಕದಡಿ ಹತ್ತು ನಿಮಿಷ ಉಬ್ಬಲು ಬಿಟ್ಟು, ಊಟಕ್ಕೆ ಕೂರುವಾಗ ಕುಡಿಯುವುದು, ಮೇಲೆ ಒಂದು ಲೋಟ ನೀರು. ಒಣ ಪುಡಿ ಬಾಯಿಗೆ ಹಾಕಿ ನೀರು ಕುಡಿಯುವುದು ಬೇಡ, ಗಂಟಲಲ್ಲೇ ಉಬ್ಬುತ್ತದೆ. ರಾತ್ರಿಯ ಮೆಟ್‌ಫಾರ್ಮಿನ್ ಊಟದ ಕೊನೆಗೆ ಎಂದು ಬರೆದು ಕೊಡಲಾಯಿತು, ಅದೂ ಲೋಳೆಯ ಜೊತೆ ಇಳಿಯುವುದು ಬೇಡ ಅಂತ.

ಎರಡನೇ ವಾರ ಹೊಟ್ಟೆ ಉಬ್ಬರ, ಗ್ಯಾಸ್ ಶುರುವಾಯಿತು. ವೋಗ್ಲಿಬೋಸ್, ಮೆಟ್‌ಫಾರ್ಮಿನ್ ಎರಡೂ ಗ್ಯಾಸ್ ಮಾಡುವಂಥವೇ, ಮೆಂತ್ಯ ಮೂರನೆಯದು. ಒಂದು ವಾರ 2 ಗ್ರಾಂಗೆ ಇಳಿಸಿ ಮತ್ತೆ ನಿಧಾನಕ್ಕೆ ಏರಿಸಿದಾಗ ತಡೆಯಿತು, ಆದರೂ ರಾತ್ರಿಯ 5 ಗ್ರಾಂ ಕೊನೆಗೂ ಒಗ್ಗಲಿಲ್ಲ, 3ಕ್ಕೆ ನಿಂತಿತು. ಬೆವರಿಗೆ, ಮೂತ್ರಕ್ಕೆ ಸಿಹಿ ಮಿಶ್ರಿತ ಮೆಂತ್ಯದ ವಾಸನೆ ಬಂದದ್ದಕ್ಕೆ ಹೆದರಿದ್ದರು, ಅದು ಮೆಂತ್ಯದ್ದೇ ವಾಸನೆ, ಅದರಿಂದ ತೊಂದರೆ ಇಲ್ಲ. ಕಡಲೆಕಾಯಿ ಅಲರ್ಜಿ ಇರುವವರಿಗೆ ಮೆಂತ್ಯವೂ ಅಲರ್ಜಿಯಾಗಬಹುದು, ಗರ್ಭಿಣಿಯರು ಒಗ್ಗರಣೆಯ ಪ್ರಮಾಣ ಮೀರಬಾರದು. ಇನ್ನು ಮೆಂತ್ಯ ಹಿಟ್ಟಿನ ಬಗ್ಗೆ ಕೇಳುವವರಿಗೆ: ಅದರಲ್ಲಿ ಹೆಸರಿಗೆ ಮೆಂತ್ಯ, ಹೆಚ್ಚಿರುವುದು ಹುರಿದ ಧಾನ್ಯ, ಬೇಳೆ. ಮೊಸರಲ್ಲಿ ಕಲಸಿ ತಿನ್ನಲು ರುಚಿ, ಶುಗರ್ ಲೆಕ್ಕದಲ್ಲಿ ಅದು ಊಟದ ಭಾಗ.

ಚಕ್ಕೆ, ಅರಿಶಿನ, ರಸಗಳು

ಚಕ್ಕೆಯ ಹೆಸರು ಹಬ್ಬಿದ್ದು 2003ರಲ್ಲಿ ಪಾಕಿಸ್ತಾನದಲ್ಲಿ 60 ಜನರ ಮೇಲೆ ನಡೆದ ಒಂದು ಅಧ್ಯಯನದಿಂದ. ದಿನಕ್ಕೆ 1, 3, 6 ಗ್ರಾಂ ಕೊಟ್ಟು 40 ದಿನ ನೋಡಿದ್ದರು, ಶುಗರ್ ಚೆನ್ನಾಗಿಯೇ ಇಳಿದಿತ್ತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಹೌದು, ಕೆಲವು ಇಲ್ಲ. ಫಲ ಅನುಮಾನ, ಅಪಾಯ ಮಾತ್ರ ಖಚಿತ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ, ಗಟ್ಟಿ, ಒಂದೇ ಸುರುಳಿಯ ತೊಗಟೆ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಎಂಬ ಅಂಶ ಇರುತ್ತದೆ, ಹೆಚ್ಚಾದರೆ ಕೆಲವರ ಯಕೃತ್ತಿಗೆ ಕೆಡುಕು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಮಿತಿ ದಿನಕ್ಕೆ ಕೆಜಿ ತೂಕಕ್ಕೆ 0.1 ಎಂಜಿ. 62 ಕೆಜಿಗೆ 6.2 ಎಂಜಿ ಆಯಿತು. ಕ್ಯಾಸಿಯಾದ ಒಂದು ಗ್ರಾಂ ಪುಡಿಯಲ್ಲಿ ಸುಮಾರು 3 ಎಂಜಿ ಇರುವುದರಿಂದ, ಚಮಚ ತುಂಬ ಎರಡೂವರೆ ಗ್ರಾಂ ಹಾಕಿದರೆ ದಿನದ ಮಿತಿ ದಾಟಿತು. ಸಿಲೋನ್ ಚಕ್ಕೆ ಕಾಗದದಂಥ ಹಲವು ಪದರ ಸುತ್ತಿ ಬೀಡಿಯಂತಿರುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ, ಅದರಲ್ಲಿ ಕೂಮರಿನ್ ತೀರಾ ಕಡಿಮೆ. ಪುಡಿ ಮಾಡಿದ ಮೇಲೆ ಎರಡನ್ನೂ ಗುರುತಿಸುವುದು ಕಷ್ಟ. ಈಕೆಗೆ ಯಕೃತ್ತಿನ ಪರೀಕ್ಷೆ ಮಾಡಿಸಿ, ಸರಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬೆಳಗಿನ ಚಕ್ಕೆ ನೀರು ನಿಲ್ಲಿಸಲಾಯಿತು. ಪಲಾವಿನ ಚೂರು ಚಕ್ಕೆಗೆ ಯಾರ ತಕರಾರೂ ಇಲ್ಲ.

ಅರಿಶಿನ ಮತ್ತು ಮೆಣಸಿನ ಜೋಡಿಯ ಮೂಲ ಬೆಂಗಳೂರಿನದ್ದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ, ಜೊತೆಗೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಎಂಜಿ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ 2000 ಪ್ರತಿಶತ ಹೆಚ್ಚಿತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, 2 ಗ್ರಾಂ ಎಂದರೇನು ಅಂತ ಯಾರೂ ಹೇಳುವುದಿಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇ 3ರ ಆಸುಪಾಸು, ಹಾಗಾಗಿ 2 ಗ್ರಾಂಗೆ 65 ಗ್ರಾಂ ಅರಿಶಿನ ಬೇಕು. ಅರ್ಧ ಚಮಚದಲ್ಲಿ ಸಿಗುವುದು 45 ಎಂಜಿ. ಕೊರತೆ ತುಂಬಲು ಕ್ಯಾಪ್ಸೂಲಿಗೆ ಹೋದರೆ ಬೇರೆ ಸಮಸ್ಯೆ: ಪೈಪರಿನ್ ಬೆರೆಸಿದ ಅರಿಶಿನ ಕ್ಯಾಪ್ಸೂಲುಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಪೈಪರಿನ್ ಅರಿಶಿನವನ್ನಷ್ಟೇ ಅಲ್ಲ, ಕೆಲವು ಔಷಧಗಳನ್ನೂ ಹೀಗೆಯೇ ಏರಿಸುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಅಂಥದ್ದೊಂದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಅರಿಶಿನವನ್ನು ಸಾರಿನ ಮಟ್ಟದಲ್ಲೇ ಇಟ್ಟುಕೊಳ್ಳಬೇಕು.

ಹಾಗಲ ರಸ ನಿಂತಿತು, ಹಾಗಲದ ಪಲ್ಯ ಉಳಿಯಿತು. ರಸಗಳ ವಿಷಯ ಬಂದಾಗ ಸೋರೆಕಾಯಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆ ರಸ ಕುಡಿದು ವಿಜ್ಞಾನಿಯೊಬ್ಬರು ಸತ್ತ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿ ರಚಿಸಿತು. ಅದರ ಸಲಹೆ: ಚೂರು ಕತ್ತರಿಸಿ ನಾಲಿಗೆಗಿಟ್ಟು ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಹಾಗಲದ ಜೊತೆ ಬೆರೆಸಿದರೆ ಕಹಿ ಯಾವುದರದ್ದು ಎಂದೇ ಗೊತ್ತಾಗುವುದಿಲ್ಲ. ಕರಾವಳಿಯವರು ಕೊಲೆಸ್ಟರಾಲಿಗೆ ಕುಡಿಯುವ ಬಿಂಬುಳಿ ರಸದಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ವಿಪರೀತ, ಕೇರಳದಲ್ಲಿ ಅದರಿಂದ ಕಿಡ್ನಿ ಕೈಕೊಟ್ಟ ಪ್ರಕರಣಗಳಿವೆ. ಇಜಿಎಫ್‌ಆರ್ 59 ಇರುವವರು ಅದರ ತಂಟೆಗೆ ಹೋಗಬಾರದು.

ಪೊಟ್ಯಾಷಿಯಂ 5.4

ಮೊದಲು ಮಾಡಿದ್ದು ಮರುಪರೀಕ್ಷೆ. ರಕ್ತ ತೆಗೆಯುವಾಗ ಪಟ್ಟಿ ಬಿಗಿಯಾಗಿ ಕಟ್ಟಿ ಮುಷ್ಟಿ ಹಿಸುಕಿಸಿದರೆ, ಕೋಶಗಳು ಒಡೆದರೆ ಪೊಟ್ಯಾಷಿಯಂ ಸುಳ್ಳೇ ಹೆಚ್ಚು ತೋರಿಸುತ್ತದೆ. ಎರಡನೇ ಸಲ 5.3, ಅಂದರೆ ನಿಜ. 6 ದಾಟಿದ್ದರೆ ಆ ದಿನವೇ ಇಸಿಜಿ ಆಗಬೇಕಿತ್ತು.

ಟೆಲ್ಮಿಸಾರ್ಟಾನ್ ಪೊಟ್ಯಾಷಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತದೆ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬಿಟ್ಟ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಬಂದಿರುತ್ತದೆ. ಶೇ 30 ಬೆರೆಸಿದ ಉಪ್ಪು ದಿನಕ್ಕೆ 5 ಗ್ರಾಂ ತಿಂದರೆ ಅದರಿಂದಲೇ ಸುಮಾರು 800 ಎಂಜಿ. 300 ಎಂಎಲ್ ಎಳನೀರಿನಿಂದ ಇನ್ನೊಂದು 600, 700 ಎಂಜಿ. ಕಿಡ್ನಿ ಗಟ್ಟಿ ಇರುವವರಿಗೆ ಈ ಉಪ್ಪು ಬಿಪಿಗೆ ಒಳ್ಳೆಯದೇ. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪಾರ್ಶ್ವವಾಯು ಕಡಿಮೆಯಾದದ್ದು ಕಂಡಿದೆ. ಆದರೆ ಈಕೆಗೆ ಅದು ಒಗ್ಗುವಂಥದ್ದಲ್ಲ. ಆ ಉಪ್ಪು, ಎಳನೀರು ಎರಡನ್ನೂ ನಿಲ್ಲಿಸಿ ಹತ್ತು ದಿನಕ್ಕೆ ನೋಡಿದಾಗ 4.7.

ಹಾಗಾದರೆ ಬಿಪಿಗೆ ಏನು ಮಾಡುವುದು? ಇಲ್ಲಿ ಮಸಾಲೆ ನಿಜವಾಗಿ ದುಡಿಯಿತು. ಸಾಂಬಾರ ಪದಾರ್ಥಗಳನ್ನು ಮದ್ದೆಂದು ಚಮಚದಲ್ಲಿ ನುಂಗುವುದಕ್ಕಿಂತ, ಉಪ್ಪು ಕಡಿಮೆ ಮಾಡಿದ ಸಾರು ಸಪ್ಪೆ ಅನಿಸದಂತೆ ಅವನ್ನು ಬಳಸುವುದರಲ್ಲೇ ಹೆಚ್ಚು ಲಾಭ. ಈ ಮನೆಯಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಒಂದು ಕೆಜಿ ಉಪ್ಪು ಖಾಲಿ, ಅಂದರೆ ತಲೆಗೆ ದಿನಕ್ಕೆ 8 ಗ್ರಾಂ ಮೇಲೆ. ಉಪ್ಪಿನಕಾಯಿ, ಹಪ್ಪಳ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ. ಅಂಗಡಿಯ ಸಾರಿನ ಪುಡಿಯ ಪೊಟ್ಟಣದಲ್ಲಿ ಉಪ್ಪೂ ಸೇರಿತ್ತು. ಲೇಬಲ್ಲಿನ ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಸಿಗುತ್ತದೆ. ಅದರ ಬದಲು ಮನೆಯಲ್ಲೇ ಪುಡಿ: ಧನಿಯಾ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 60, ಜೀರಿಗೆ 25, ಕಾಳುಮೆಣಸು 20, ಮೆಂತ್ಯ 10, ಕರಿಬೇವು ಎರಡು ಹಿಡಿ, ಇಂಗು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಧನಿಯಾ ಹದವಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಉಪ್ಪನ್ನು ಕುದಿಯುವಾಗ ಹಾಕದೆ ಇಳಿಸುವ ಮುಂಚೆ ಹಾಕುವುದು, ಹಾಕುವ ಮೊದಲು ಹುಣಸೆ ರಸ ಅಥವಾ ನಿಂಬೆ ಬಿದ್ದಿರಬೇಕು. ಹುಳಿ ಮುಂದಿದ್ದರೆ ಉಪ್ಪು ಕಡಿಮೆ ಸಾಕು ಅನಿಸುತ್ತದೆ. ಒಂದು ಲೀಟರ್ ಸಾರಿಗೆ 8 ಗ್ರಾಂ ಬೀಳುತ್ತಿದ್ದದ್ದು ವಾರಕ್ಕೆ ಒಂದೊಂದು ಗ್ರಾಂ ಇಳಿದು 5ಕ್ಕೆ ನಿಂತಿತು. ಒಂದೇ ದಿನ ಅರ್ಧ ಮಾಡಿದ್ದರೆ ಮಕ್ಕಳು ತಟ್ಟೆ ಪಕ್ಕ ಉಪ್ಪಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದರು, ಮೊದಲ ವಾರ ಇಟ್ಟುಕೊಂಡಿದ್ದರು ಕೂಡ. ಉಪ್ಪಿನಕಾಯಿ ಬಿಡುವುದು ಆಗಲಿಲ್ಲ, ಭಾನುವಾರಕ್ಕೆ ಸೀಮಿತವಾಯಿತು.

ಹನ್ನೆರಡು ವಾರದ ನಂತರ

ಮಧ್ಯಾಹ್ನದ ಮುದ್ದೆ 110 ಗ್ರಾಂ ಹಿಟ್ಟಿನದ್ದು 60 ಗ್ರಾಂಗೆ ಇಳಿದಿತ್ತು, ಅದರ ಮೇಲಿನ ಅನ್ನ ಹೋಗಿತ್ತು, ಸಾರಿನ ಬದಲು 40 ಗ್ರಾಂ ಹುರುಳಿಯ ಗಟ್ಟಿ ಬಸ್ಸಾರು ಮತ್ತು ಪಲ್ಯ ಬಂದಿತ್ತು. ಊಟವಾದ ಮೇಲೆ 15 ನಿಮಿಷ ನಡಿಗೆ. ಎಚ್‌ಬಿಎ1ಸಿ 7.3, ಅದೂ ಗ್ಲಿಮೆಪಿರೈಡ್ ಅರ್ಧ ಆದ ಮೇಲೆ. ತಿಂಡಿ ನಂತರದ ಶುಗರ್ 168. ಹನ್ನೊಂದೂವರೆಯ ಬೆವರು ಮತ್ತೆ ಬರಲಿಲ್ಲ. ಟಿಎಸ್‌ಎಚ್ ಎಂಟು ವಾರಕ್ಕೆ, ಅದೇ 75 ಮೈಕ್ರೋಗ್ರಾಂನಲ್ಲಿ, 3.8. ಬಿಪಿ 132/82. ತೂಕ ಒಂದೂವರೆ ಕೆಜಿ ಕಡಿಮೆ.

ಇದರಲ್ಲಿ ಮೆಂತ್ಯದ ಪಾಲೆಷ್ಟು, ಮುದ್ದೆ ಚಿಕ್ಕದಾದದ್ದರ ಪಾಲೆಷ್ಟು ಎಂದು ಬಿಡಿಸುವುದು ಒಬ್ಬರ ಪ್ರಕರಣದಲ್ಲಿ ಆಗದು. ಅಂದಾಜು ಹೇಳಬೇಕೆಂದರೆ ದೊಡ್ಡ ಪಾಲು ಮುದ್ದೆ, ಅನ್ನ, ಬೆಲ್ಲದ್ದು: ಇವುಗಳಿಂದ ಬರುವ ಶರ್ಕರಪಿಷ್ಟ ದಿನಕ್ಕೆ ಐವತ್ತು ಗ್ರಾಂ ಮೇಲ್ಪಟ್ಟು ಇಳಿದಿದೆ. 8 ಗ್ರಾಂ ಮೆಂತ್ಯ ಅದರ ಪಕ್ಕದಲ್ಲಿ ಚಿಕ್ಕ ಸಹಾಯ.

ಬಗೆಹರಿಯದೆ ಉಳಿದದ್ದು ರಾತ್ರಿ ಊಟ. ಗಂಡ ಅಂಗಡಿ ಮುಚ್ಚಿ ಬರುವುದು ಒಂಬತ್ತಕ್ಕೆ, ಇಬ್ಬರೂ ಒಟ್ಟಿಗೆ ಕೂರಬೇಕು, ಅನ್ನವೇ ಆಗಬೇಕು. ರಾತ್ರಿ ಹನ್ನೊಂದರ ಶುಗರ್ ಇನ್ನೂ 190ರ ಮೇಲಿದೆ. ಅನ್ನವನ್ನು ಬೇಯಿಸಿದ್ದು 150 ಗ್ರಾಂ ಅಂತ ತೂಗಿ ಬಡಿಸುವುದು, ಏಳಕ್ಕೆ ಒಂದು ಬಟ್ಟಲು ಮೊಳಕೆಕಾಳಿನ ಉಸುಲಿ ತಿಂದು ಹಸಿವು ಮುರಿಯುವುದು, ಇವೆರಡು ಮುಂದಿನ ತಿಂಗಳಿಗೆ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ನಡೆದಿದೆ, ಮನೆಯಲ್ಲಿ ಮಾಂಸ ಅಪರೂಪ, ಪಾದದಲ್ಲಿ ಜುಮ್ಮೆನ್ನುವ ದೂರು ಇತ್ತೀಚಿನದು. ಮೂರೂ ಬಿ12 ಜೀವಸತ್ವದ ಕೊರತೆಯತ್ತ ಬೆರಳು ತೋರಿಸುತ್ತವೆ, ಹಾಗಾಗಿ ಅದರ ಪರೀಕ್ಷೆ ಬರೆಯಲಾಗಿದೆ, ಜೊತೆಗೆ ಕಿಡ್ನಿಯ ಸ್ಥಿತಿ ನೋಡಲು ಮೂತ್ರದ ಆಲ್ಬುಮಿನ್. ಬಿ12 ಕಡಿಮೆ ಬಂದರೆ ಅದಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ, ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. ಮುಂದಿನ ಭೇಟಿಗೆ ಬರುವಾಗ ಮಾತ್ರೆಯ ಚೀಟಿಯ ಹಿಂಬದಿಯಲ್ಲೇ ಮೆಂತ್ಯ, ಕಾಫಿ, ಕಷಾಯ, ಪುಡಿ ಎಲ್ಲವನ್ನೂ ಗ್ರಾಂ ಮತ್ತು ಗಂಟೆ ಹಾಕಿ ಬರೆದು ತರಲು ಹೇಳಲಾಗಿದೆ.